ಮಳೆಯಿಲ್ಲದೆ ಆಡಬಹುದು, ಪರದೆಯಿಲ್ಲದೆ ಆಗದು

ಪ್ರಶ್ನೆ: ನಮ್ಮದು ಶಿವಮೊಗ್ಗ ಕಡೆಯ ಒಂದು ಹವ್ಯಾಸಿ ನಾಟಕ ತಂಡ. ಹಾಲಿವುಡ್ ಮೂಕಿಯಿಂದ (ಮಾತಿಲ್ಲದ ಚಿತ್ರ) ಟಾಕಿಗೆ (ಮಾತಿನ ಚಿತ್ರ) ಹೊರಳಿದ ಕಾಲದ ಕತೆ ಹೇಳುವ ‘ಸಿಂಗಿನ್ ಇನ್ ದ ರೇನ್’ ಸಂಗೀತ ನಾಟಕವನ್ನು ಕನ್ನಡದಲ್ಲಿ ಆಡುವ ಆಸೆ ಇದೆ. ವಿಷಯ ಎತ್ತಿದರೆ ಸಾಕು, ಎಲ್ಲರೂ ಮಳೆಯ ಬಗ್ಗೆಯೇ ಕೇಳುತ್ತಾರೆ. ವೇದಿಕೆಯ ಮೇಲೆ ನಿಜವಾದ ನೀರು ಸುರಿಸಲೇಬೇಕೇ? ಇನ್ನೊಂದು ಅನುಮಾನ, ಅದರಲ್ಲಿ ಬರುವ ಇತಿಹಾಸ ಎಷ್ಟು ನಿಜ? ದನಿ ಚೆನ್ನಾಗಿಲ್ಲ ಎಂಬ ಒಂದೇ ಕಾರಣಕ್ಕೆ ಅಷ್ಟು ದೊಡ್ಡ ತಾರೆಯರು ಮನೆ ಸೇರಿದರೇ?

ಉತ್ತರ: ನೀರು ಸುರಿಸಲೇಬೇಕೆಂದಿಲ್ಲ. ಸುರಿಸಿದರೆ ಚಪ್ಪಾಳೆ ಬೀಳುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಈ ನಾಟಕ ನಿಂತಿರುವುದು ಮಳೆಯ ಮೇಲಲ್ಲ, ಕೊನೆಯ ದೃಶ್ಯದಲ್ಲಿ ಮೇಲೇಳುವ ಒಂದು ಪರದೆಯ ಮೇಲೆ. ಆ ಪರದೆಯ ಕೆಲಸ ಕೆಟ್ಟರೆ ಸಾವಿರ ಕೊಡ ನೀರು ಸುರಿದರೂ ಪ್ರಯೋಜನವಿಲ್ಲ.

ಕತೆ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಕಾಲ 1927. ಮಾನ್ಯುಮೆಂಟಲ್ ಪಿಕ್ಚರ್ಸ್ ಎಂಬ ಕಲ್ಪಿತ ಕಂಪನಿಯ ಮೂಕಿ ಜೋಡಿ ಡಾನ್ ಲಾಕ್‌ವುಡ್ ಮತ್ತು ಲೀನಾ ಲಾಮಾಂಟ್. ಬೇರೆ ಕಂಪನಿಯ ಟಾಕಿ ಗೆದ್ದದ್ದೇ ತಡ, ಇವರೂ ಕೈಯಲ್ಲಿದ್ದ ಮೂಕಿಯನ್ನು ಮಾತಿನ ಚಿತ್ರ ಮಾಡಲು ಹೊರಡುತ್ತಾರೆ. ಲೀನಾಳದು ಕೀರಲು ದನಿ, ಮಾತಿನ ವರಸೆಯೋ ಬೀದಿಯದು. ಪ್ರಿವ್ಯೂ, ಅಂದರೆ ಬಿಡುಗಡೆಗೆ ಮುಂಚಿನ ಪ್ರದರ್ಶನ, ನಗೆಪಾಟಲಾಗುತ್ತದೆ. ಡಾನ್‌ನ ಗೆಳೆಯ ಕಾಸ್ಮೊ ಉಪಾಯ ಹೂಡುತ್ತಾನೆ: ಲೀನಾ ಬಾಯಾಡಿಸಲಿ, ದನಿ ಕ್ಯಾಥಿ ಸೆಲ್ಡನ್ ಎಂಬ ಹೊಸ ಹುಡುಗಿಯದಿರಲಿ. ಚಿತ್ರ ಗೆಲ್ಲುತ್ತದೆ. ಪ್ರೇಕ್ಷಕರು ಲೀನಾಳನ್ನು ಎದುರಿಗೇ ಹಾಡಲು ಒತ್ತಾಯಿಸುತ್ತಾರೆ. ಪರದೆಯ ಹಿಂದೆ ಕ್ಯಾಥಿ ಹಾಡುತ್ತಾಳೆ, ಮುಂದೆ ಲೀನಾ ಬಾಯಾಡಿಸುತ್ತಾಳೆ. ಆಗ ಪರದೆ ಎಳೆಯುತ್ತಾರೆ.

ಇದು ಮೊದಲು ಬಂದದ್ದು ಸಿನಿಮಾ ಆಗಿ, 1952ರಲ್ಲಿ. ಜೀನ್ ಕೆಲ್ಲಿ ಮತ್ತು ಸ್ಟ್ಯಾನ್ಲಿ ಡಾನೆನ್ ನಿರ್ದೇಶನ, ಬೆಟ್ಟಿ ಕಾಮ್ಡೆನ್ ಮತ್ತು ಅಡಾಲ್ಫ್ ಗ್ರೀನ್ ಚಿತ್ರಕತೆ. ರಂಗಕ್ಕೆ ಬಂದದ್ದು ಮೂರು ದಶಕದ ನಂತರ. 1983ರಲ್ಲಿ ಲಂಡನ್ನಿನ ಪಲೇಡಿಯಂನಲ್ಲಿ ಟಾಮಿ ಸ್ಟೀಲ್ ಕಟ್ಟಿದ ಪ್ರಯೋಗ ಎರಡು ವರ್ಷ ಓಡಿತು. 1985ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ನೃತ್ಯ ನಿರ್ದೇಶಕಿ ಟ್ವೈಲಾ ಥಾರ್ಪ್ ಕಟ್ಟಿದ್ದು 367 ಪ್ರದರ್ಶನ ಕಂಡಿತಾದರೂ ವಿಮರ್ಶಕರಿಗೆ ಹಿಡಿಸಲಿಲ್ಲ. ಇಂಗ್ಲೆಂಡಿನ ಚಿಚೆಸ್ಟರ್‌ನಲ್ಲಿ 2011ರಲ್ಲಿ ಜೊನಾಥನ್ ಚರ್ಚ್ ನಿರ್ದೇಶಿಸಿ, ಮರುವರ್ಷ ಲಂಡನ್ನಿನ ಪ್ಯಾಲೇಸ್ ಥಿಯೇಟರಿಗೆ ಬಂದ ಪ್ರಯೋಗವೇ ಈಗ ಹೆಚ್ಚು ಜನರ ನೆನಪಿನಲ್ಲಿರುವುದು. ಮುಂದಿನ ಸಾಲಿನವರ ಮೇಲೆ ನೀರು ಎರಚುತ್ತಿದ್ದ ಆಡಂ ಕೂಪರ್ ಆ ತಂಡದವರು. ನೀವೂ ಅದರ ತುಣುಕುಗಳನ್ನೇ ನೋಡಿರಬಹುದು.

ಹಾಡುಗಳ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ನಾಟಕದ ಹುಟ್ಟೇ ಅಲ್ಲಿದೆ. ಬಹುಪಾಲು ಹಾಡುಗಳು ಸಿನಿಮಾಕ್ಕಾಗಿ ಬರೆದವಲ್ಲ. ಆರ್ಥರ್ ಫ್ರೀಡ್ ಮತ್ತು ನೇಸಿಯೋ ಹರ್ಬ್ ಬ್ರೌನ್ ಜೋಡಿ ಟಾಕಿ ಕಾಲದ ಆರಂಭದಿಂದ ಎಂಜಿಎಂ ಕಂಪನಿಗೆ ಬರೆದುಕೊಟ್ಟಿದ್ದ ಹಳೆಯ ಹಾಡುಗಳು ಅವು. ಶೀರ್ಷಿಕೆಯ ಹಾಡು 1929ರ ಒಂದು ಚಿತ್ರದಲ್ಲೇ ಬಂದಿತ್ತು. ಅದೇ ಫ್ರೀಡ್ ಮುಂದೆ ನಿರ್ಮಾಪಕರಾದಾಗ, ಈ ಹಾಡುಗಳಿಗೊಂದು ಕತೆ ಹೆಣೆಯಿರಿ ಎಂದು ಕಾಮ್ಡೆನ್ ಮತ್ತು ಗ್ರೀನ್‌ಗೆ ಒಪ್ಪಿಸಿದರು. ಈ ಹಾಡುಗಳು ಹುಟ್ಟಿದ ಕಾಲದಲ್ಲೇ ಕತೆ ನಡೆಯಲಿ ಎಂದು ಅವರು ತೀರ್ಮಾನಿಸಿದರು. ಹಾಗಾಗಿ ನಿಮ್ಮ ಮೇಳದವರು ನುಡಿಸುವ ಸಂಗೀತ ಆ ಕಾಲವನ್ನು ಅನುಕರಿಸಿದ್ದಲ್ಲ, ಅದರಲ್ಲಿ ಬಹಳಷ್ಟು ಆ ಕಾಲದ್ದೇ. ಅನುವಾದಿಸುವಾಗ ಧಾಟಿಯನ್ನು ಇಂದಿನ ಸಿನಿಮಾ ಹಾಡಿನ ಕಡೆ ಎಳೆಯಬೇಡಿ.

ಈಗ ಇತಿಹಾಸಕ್ಕೆ ಬರೋಣ. 1927ರ ಅಕ್ಟೋಬರ್ 6ರಂದು ನ್ಯೂಯಾರ್ಕಿನಲ್ಲಿ ವಾರ್ನರ್ ಬ್ರದರ್ಸ್ ಕಂಪನಿಯ ‘ದ ಜಾಝ್ ಸಿಂಗರ್’ ತೆರೆಕಂಡದ್ದು ನಿಜ. ಆದರೆ ಅದು ಪೂರ್ತಿ ಮಾತಿನ ಚಿತ್ರವಲ್ಲ. ಹೆಚ್ಚಿನ ಭಾಗ ಮೂಕಿಯೇ, ನಡುವೆ ಆಲ್ ಜಾಲ್ಸನ್‌ನ ಹಾಡು ಮತ್ತು ಚೂರುಪಾರು ಮಾತು. ಪೂರ್ತಿ ಮಾತಿನ ಮೊದಲ ಕಥಾಚಿತ್ರ ಅದೇ ಕಂಪನಿಯಿಂದ 1928ರಲ್ಲಿ ಬಂತು. ನಾಟಕದಲ್ಲಿ ಒಂದು ಪಾರ್ಟಿ, ಒಂದು ಸುದ್ದಿ, ಮರುದಿನವೇ ಸ್ಟುಡಿಯೋ ತಲೆಕೆಳಗು ಎಂಬಂತೆ ತೋರಿಸುತ್ತಾರೆ. ನಿಜವಾಗಿ ಅಮೆರಿಕದ ಚಿತ್ರಮಂದಿರಗಳಿಗೆಲ್ಲ ತಂತಿ ಎಳೆದು ಸ್ಪೀಕರ್ ಕೂರಿಸಲು ವರ್ಷಗಳೇ ಹಿಡಿದವು. ಆ ನಡುವಿನ ಕಾಲದಲ್ಲಿ ಒಂದೇ ಚಿತ್ರದ ಮೂಕಿ ರೂಪ, ಟಾಕಿ ರೂಪ ಎರಡೂ ಊರೂರು ತಿರುಗಿದ್ದುಂಟು.

ಪ್ರಿವ್ಯೂ ದೃಶ್ಯದ ಎಡವಟ್ಟುಗಳು ಮಾತ್ರ ಕಟ್ಟುಕತೆಯಲ್ಲ. ವಾರ್ನರ್ ಬಳಸಿದ ವೈಟಾಫೋನ್ ವ್ಯವಸ್ಥೆಯಲ್ಲಿ ಶಬ್ದ ಫಿಲ್ಮಿನ ಮೇಲೆ ಇರುತ್ತಿರಲಿಲ್ಲ, 16 ಇಂಚಿನ ದೊಡ್ಡ ಗ್ರಾಮಫೋನ್ ತಟ್ಟೆಯ ಮೇಲೆ ಇರುತ್ತಿತ್ತು. ನಿಮಿಷಕ್ಕೆ 33⅓ ಸುತ್ತು. ಮುಳ್ಳು ಒಳಗಿನಿಂದ ಹೊರಕ್ಕೆ ಚಲಿಸುತ್ತಿತ್ತು. ಒಂದು ರೀಲಿಗೆ ಒಂದು ತಟ್ಟೆ, ಸುಮಾರು 11 ನಿಮಿಷ. ಪ್ರೊಜೆಕ್ಟರ್ ನಡೆಸುವವನು ಫಿಲ್ಮಿನ ಮೇಲಿನ ಗುರುತನ್ನೂ ತಟ್ಟೆಯ ಮೇಲಿನ ಬಾಣದ ಗುರುತನ್ನೂ ಸರಿಹೊಂದಿಸಿ ಎರಡನ್ನೂ ಒಂದೇ ಮೋಟರಿನಲ್ಲಿ ಓಡಿಸಬೇಕು. ಮುಳ್ಳು ಒಂದು ಗೆರೆ ಹಾರಿತೋ, ಅಲ್ಲಿಂದ ಮುಂದೆ ಯಾರ ಮಾತು ಯಾರ ಬಾಯಿಗೋ. ಫಿಲ್ಮ್ ತುಂಡಾದರೆ ಇನ್ನೂ ಕಷ್ಟ. ಮೂಕಿಯಲ್ಲಾದರೆ ಹಾಳಾದ ಚೌಕಗಳನ್ನು ಕತ್ತರಿಸಿ ಅಂಟಿಸಿದರೆ ಮುಗಿಯಿತು, ಇಲ್ಲಿ ಕತ್ತರಿಸಿದಷ್ಟೇ ಕಪ್ಪು ಫಿಲ್ಮನ್ನು ಸೇರಿಸಬೇಕಿತ್ತು. ಇಲ್ಲದಿದ್ದರೆ ಚಿತ್ರ ಮುಂದೆ ಓಡಿ ಮಾತು ಹಿಂದೆ ಉಳಿಯುತ್ತಿತ್ತು. ನಾಟಕದಲ್ಲಿ ಲೀನಾಳ ಬಾಯಲ್ಲಿ ಖಳನ ದನಿ, ಖಳನ ಬಾಯಲ್ಲಿ ಲೀನಾಳ ದನಿ ಬರುವ ತಮಾಷೆಯ ಬೇರು ಇಲ್ಲಿದೆ. ಫಾಕ್ಸ್ ಕಂಪನಿ ಬಳಸಿದಂತೆ ಶಬ್ದವನ್ನು ಫಿಲ್ಮಿನ ಅಂಚಿನಲ್ಲೇ ಮುದ್ರಿಸುವ ಪದ್ಧತಿ ಕೆಲವೇ ವರ್ಷಗಳಲ್ಲಿ ಗೆದ್ದದ್ದೂ ಇದೇ ಕಾರಣಕ್ಕೆ.

ಚಿತ್ರೀಕರಣದ ದೃಶ್ಯದಲ್ಲಿ ಮೈಕನ್ನು ಗಿಡದಲ್ಲಿ ಅಡಗಿಸಿ, ಆಮೇಲೆ ಲೀನಾಳ ಎದೆಯ ಹೂವಿನಲ್ಲಿ ಸಿಕ್ಕಿಸಿ ಪಡುವ ಪಾಡೂ ನಿಜಕ್ಕೆ ಹತ್ತಿರ. ಕ್ಯಾಮೆರಾ ಕರಕರ ಸದ್ದು ಮಾಡುತ್ತಿದ್ದುದರಿಂದ ಅದನ್ನೂ ಅದರ ಛಾಯಾಗ್ರಾಹಕನನ್ನೂ ಗಾಜಿನ ಕಿಟಕಿಯ ಒಂದು ಗೂಡಿನಲ್ಲಿ ಹಾಕಿ ಬಾಗಿಲು ಮುಚ್ಚುತ್ತಿದ್ದರು. ಒಳಗೆ ಉಸಿರುಗಟ್ಟುವ ಸೆಕೆ. ಹಳೆಯ ಆರ್ಕ್ ದೀಪಗಳು ಗುಂಯ್‌ಗುಡುತ್ತವೆಂದು ಅವನ್ನೂ ಎತ್ತಂಗಡಿ ಮಾಡಿದರು. ಅಷ್ಟು ವರ್ಷ ಕಷ್ಟಪಟ್ಟು ಕಲಿತಿದ್ದ ಕ್ಯಾಮೆರಾ ಚಲನೆ ಒಮ್ಮೆಗೇ ನಿಂತುಹೋಯಿತು, ನಟರು ಮೈಕ್ ಇರುವ ಹೂದಾನಿಯ ಸುತ್ತ ಬೇರುಬಿಟ್ಟರು. ಆ ಕಾಲದ ಚಿತ್ರಗಳನ್ನು ಈಗ ನೋಡಿದರೆ ನಗು ಬರುವುದು ಯಾರದೋ ಕೆಟ್ಟ ದನಿಗಲ್ಲ, ಎಲ್ಲರೂ ನೆಟ್ಟಗೆ ನಿಂತು ಹೂದಾನಿಗೆ ಮಾತಾಡುವುದಕ್ಕೆ.

ಹಾಗಾದರೆ ದನಿಯಿಂದ ಯಾರೂ ಕೆಡಲಿಲ್ಲವೇ? ಎಲ್ಲರೂ ಎತ್ತುವ ಹೆಸರು ಮೂಕಿ ಕಾಲದ ತಾರೆ ಜಾನ್ ಗಿಲ್ಬರ್ಟ್. 1929ರ ಒಂದು ಚಿತ್ರದಲ್ಲಿ ಆತನ ಪ್ರೇಮದ ಮಾತುಗಳಿಗೆ ಜನ ನಕ್ಕರು, ಕೀರಲು ದನಿಯೇ ಆತನನ್ನು ಮುಗಿಸಿತು ಎಂಬುದು ಕತೆ. ಡಾನ್ ಮತ್ತೆ ಮತ್ತೆ ‘ನಿನ್ನನ್ನು ಪ್ರೀತಿಸುತ್ತೇನೆ’ ಎನ್ನುವ ದೃಶ್ಯ ಅದರ ನೆರಳು. ಆದರೆ ಗಿಲ್ಬರ್ಟ್‌ನ ಟಾಕಿಗಳು ಈಗಲೂ ನೋಡಲು ಸಿಗುತ್ತವೆ. ಗ್ರೇಟಾ ಗಾರ್ಬೊ ಜೊತೆಗಿನ 1933ರ ಚಿತ್ರವನ್ನೇ ಕೇಳಿ ನೋಡಿ, ದನಿ ಸಾಧಾರಣವಾಗಿದೆ, ಕೀರಲಂತೂ ಅಲ್ಲ. ಕೆಟ್ಟದ್ದು ಮಾತು. ಮೂಕಿಯಲ್ಲಿ ಕಣ್ಣು, ಕೈ, ತುಟಿಗಳಲ್ಲಿ ಹೇಳುತ್ತಿದ್ದುದನ್ನು ಹಾಗೇ ಬಾಯಿಬಿಟ್ಟು ಹೇಳಿಸಿದಾಗ ಅದು ನಾಚಿಕೆ ಹುಟ್ಟಿಸುವಷ್ಟು ಅತಿಯಾಯಿತು. ತಪ್ಪು ನಟನದಲ್ಲ, ಬರೆದವರದು. ನಾಟಕ ಒಂದು ಕ್ಷಣ ಈ ಸತ್ಯದ ಬಾಗಿಲಿಗೆ ಬಂದು, ಮತ್ತೆ ಲೀನಾಳ ಗಂಟಲಿನ ಕಡೆ ತಿರುಗಿಬಿಡುತ್ತದೆ.

ನಿಜವಾದ ಪೆಟ್ಟು ಬಿದ್ದದ್ದು ಪರಭಾಷೆಯವರಿಗೆ. ಮೂಕಿಗೆ ಭಾಷೆಯಿಲ್ಲದ್ದರಿಂದ ಜರ್ಮನಿ, ಹಂಗೇರಿ, ಪೋಲೆಂಡ್‌ನವರೆಲ್ಲ ಹಾಲಿವುಡ್‌ನಲ್ಲಿ ಮೆರೆದಿದ್ದರು. ಅತ್ಯುತ್ತಮ ನಟನಿಗೆ ಕೊಟ್ಟ ಮೊಟ್ಟಮೊದಲ ಆಸ್ಕರ್ ಪಡೆದ ಎಮಿಲ್ ಯಾನಿಂಗ್ಸ್ ಟಾಕಿ ಬಂದ ಮೇಲೆ ಜರ್ಮನಿಗೆ ಮರಳಿದ. ಗಾರ್ಬೊ ಮಾತ್ರ ತನ್ನ ಸ್ವೀಡಿಷ್ ಉಚ್ಚಾರಣೆಯನ್ನೇ ಆಸ್ತಿ ಮಾಡಿಕೊಂಡಳು. ಇನ್ನೂ ದೊಡ್ಡ ಪೆಟ್ಟು ತಿಂದವರು ಯಾವ ಪೋಸ್ಟರಿನಲ್ಲೂ ಇರದವರು. ಚಿತ್ರಮಂದಿರದಲ್ಲಿ ಪರದೆಯ ಕೆಳಗೆ ಕೂತು ನುಡಿಸುತ್ತಿದ್ದ ವಾದ್ಯಗಾರರು ಸಾವಿರಾರು ಮಂದಿ ಬೀದಿಗೆ ಬಿದ್ದರು. ಅಮೆರಿಕದ ಸಂಗೀತಗಾರರ ಸಂಘ 1930ರಲ್ಲಿ ರೋಬಾಟಿನ ಚಿತ್ರ ಹಾಕಿ, ಡಬ್ಬಿಯಲ್ಲಿ ತುಂಬಿದ ಸಂಗೀತ ಬೇಡ ಎಂದು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟಿತು. ಯಂತ್ರಕ್ಕೆ ಕೆಲಸ ಕಳೆದುಕೊಳ್ಳುವ ಭಯ ಇಂದಿನದಲ್ಲ. ಕಿವಿ ಕೇಳದ ಪ್ರೇಕ್ಷಕರ ಕತೆ ಬೇರೆ: ಬರಹದ ಫಲಕಗಳಿದ್ದ ಮೂಕಿ ಅವರಿಗೆ ಎಲ್ಲರಷ್ಟೇ ಸಲ್ಲುತ್ತಿತ್ತು, ಟಾಕಿ ಅವರನ್ನು ಹೊರಗೆ ನಿಲ್ಲಿಸಿತು. ನಾಟಕದಲ್ಲಿ ಇವರ್‍ಯಾರ ನೆನಪೂ ಇಲ್ಲ.

ನಮ್ಮ ಕಡೆ ಇದೇ ತಿರುವು ಬೇರೆ ರೀತಿ ಆಯಿತು. 1931ರ ಮಾರ್ಚ್ 14ರಂದು ಮುಂಬಯಿಯಲ್ಲಿ ಬಂದ ಮೊದಲ ಭಾರತೀಯ ಟಾಕಿ ‘ಆಲಂ ಆರಾ’ದ ಚಿತ್ರೀಕರಣ ಪಕ್ಕದ ರೈಲುಗಳ ಸದ್ದು ತಪ್ಪಿಸಲು ರಾತ್ರಿ ಹೊತ್ತು ನಡೆಯುತ್ತಿತ್ತು. ಕನ್ನಡದಲ್ಲಿ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ‘ಸತಿ ಸುಲೋಚನ’ವನ್ನು ತೆಗೆದದ್ದು ಕೊಲ್ಹಾಪುರದ ಸ್ಟುಡಿಯೋದಲ್ಲಿ. ಅದರಲ್ಲಿದ್ದ ಎಂ.ವಿ. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಕಂಪನಿ ನಾಟಕದಲ್ಲಿ ಪಳಗಿದವರು. ಮೈಕಿಲ್ಲದೆ ಹಿಂದಿನ ಸಾಲಿಗೆ ಮುಟ್ಟುವಂತೆ ಮಾತಾಡಿ, ರಂಗಗೀತೆ ಹಾಡಿ ಬೆಳೆದ ಗಂಟಲುಗಳು. ಹಾಲಿವುಡ್‌ನಲ್ಲಿ ಟಾಕಿಯು ನಟರನ್ನು ಮನೆಗೆ ಕಳಿಸುತ್ತಿದ್ದರೆ ಇಲ್ಲಿ ನಾಟಕದವರನ್ನು ಕರೆದು ಮಣೆ ಹಾಕಿತು. ನಿಮ್ಮ ತಂಡಕ್ಕೆ ಸ್ವಂತ ನಾಟಕ ಬರೆಯುವ ಧೈರ್ಯವಿದ್ದರೆ ವಸ್ತು ಇಲ್ಲಿದೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ. ನೀವು ಕೇಳಿದ್ದು ಅದಲ್ಲ.

ಪರದೆಯ ವಿಷಯಕ್ಕೆ ಬರುತ್ತೇನೆ. 1952ರ ಸಿನಿಮಾದಲ್ಲಿ ಒಂದು ವಿಚಿತ್ರವಿದೆ. ಕ್ಯಾಥಿಯ ಪಾತ್ರದ ಡೆಬ್ಬಿ ರೆನಾಲ್ಡ್ಸ್ ಲೀನಾಳಿಗಾಗಿ ಹಾಡುವ ದೃಶ್ಯದಲ್ಲಿ ಕೇಳುವ ಗಾಯನ ಆಕೆಯದಲ್ಲ, ಬೆಟ್ಟಿ ನಾಯ್ಸ್ ಎಂಬಾಕೆಯದು. ಲೀನಾಳ ಮಾತಿಗೆ ಕ್ಯಾಥಿ ಕೊಟ್ಟಳೆನ್ನುವ ಸೊಗಸಾದ ದನಿಯೋ, ಲೀನಾ ಪಾತ್ರದ ಜೀನ್ ಹೇಗನ್‌ಳ ಸಹಜ ದನಿಯೇ! ಅಂದರೆ ಬೇರೆಯವಳ ದನಿ ಕದ್ದವಳನ್ನು ಬಯಲಿಗೆಳೆಯುವ ಸಿನಿಮಾವೇ ತನ್ನ ನಾಯಕಿಗೆ ಸದ್ದಿಲ್ಲದೆ ಬೇರೆ ದನಿ ತೊಡಿಸಿತ್ತು. ಸಿನಿಮಾ ಹೀಗೆ ಮಾಡಿ ಜೀರ್ಣಿಸಿಕೊಳ್ಳಬಲ್ಲದು. ರಂಗ ಹಾಗಲ್ಲ. ಅಲ್ಲಿ ಒಬ್ಬಳು ನಿಜವಾಗಿ ಹಾಡಬೇಕು, ಒಬ್ಬಳು ನಿಜವಾಗಿ ಬಾಯಾಡಿಸಬೇಕು, ಅದೂ ಅದೇ ಕ್ಷಣದಲ್ಲಿ. ಈ ಕೆಲಸ ಚರಿತ್ರೆಯಲ್ಲೂ ಒಮ್ಮೆ ಹೀಗೇ ನಡೆದಿದೆ. 1929ರಲ್ಲಿ ಇಂಗ್ಲೆಂಡಿನಲ್ಲಿ ಹಿಚ್‌ಕಾಕ್ ‘ಬ್ಲ್ಯಾಕ್‌ಮೇಲ್’ ತೆಗೆಯುವಾಗ ನಾಯಕಿ ಆನಿ ಓಂದ್ರಾಳ ಮಧ್ಯ ಯುರೋಪಿನ ಉಚ್ಚಾರಣೆ ಲಂಡನ್ ಹುಡುಗಿಗೆ ಒಪ್ಪುವಂತಿರಲಿಲ್ಲ. ಆಮೇಲೆ ದನಿ ಕೂಡಿಸುವ ತಂತ್ರ ಕೈಗೆ ಬಂದಿರಲಿಲ್ಲ. ಹಾಗಾಗಿ ಜೋನ್ ಬ್ಯಾರಿ ಎಂಬ ನಟಿ ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಪಕ್ಕದಲ್ಲಿ ನಿಂತು ಮೈಕಿಗೆ ಮಾತಾಡಿದಳು, ಆನಿ ತುಟಿ ಆಡಿಸಿದಳು. ನೀವು ರಂಗದ ಮೇಲೆ ಮಾಡಬೇಕಾದದ್ದು ಅಕ್ಷರಶಃ ಇದೇ.

ಇಲ್ಲೊಂದು ಅಪಾಯವಿದೆ, ಹೆಚ್ಚಿನ ತಂಡಗಳು ಎಡವುವುದೂ ಇಲ್ಲೇ. ಈಗ ಎಲ್ಲರ ಹಣೆಗೂ ಕೆನ್ನೆಗೂ ವೈರ್‌ಲೆಸ್ ಮೈಕ್ ಅಂಟಿಸುತ್ತೇವೆ. ಎಲ್ಲರ ದನಿಯೂ ಸಭಾಂಗಣದ ಅದೇ ಎರಡು ಸ್ಪೀಕರುಗಳಿಂದ ಬರುತ್ತದೆ. ಹೀಗಿರುವಾಗ ಕೊನೆಯ ದೃಶ್ಯದಲ್ಲಿ ದನಿ ಪರದೆಯ ಹಿಂದಿನಿಂದ ಬರುತ್ತಿದೆ ಎಂದು ಪ್ರೇಕ್ಷಕನ ಕಿವಿಗೆ ಗೊತ್ತಾಗುವುದು ಹೇಗೆ? ಅವನಿಗೆ ಸಂಜೆಯಿಡೀ ಎಲ್ಲರೂ ಹಾಗೇ ಕೇಳಿದ್ದಾರೆ. ಆ ಒಂದು ಹಾಡಿಗೆ ಕ್ಯಾಥಿಯ ವೈರ್‌ಲೆಸ್ ಮೈಕನ್ನು ಪೂರ್ತಿ ಆರಿಸಿ. ಸಣ್ಣ ಸಭಾಂಗಣವಾದರೆ ಬರಿಗಂಟಲಲ್ಲೇ ಹಾಡಲಿ. ದೊಡ್ಡದಾದರೆ ಪರದೆಯ ಹಿಂದೆ ಆಕೆಯ ಪಕ್ಕದಲ್ಲೇ ಒಂದು ಪ್ರತ್ಯೇಕ ಸ್ಪೀಕರ್ ಇಟ್ಟು ದನಿ ಅಲ್ಲಿಂದಲೇ ಬರುವಂತೆ ಮಾಡಿ. ಬಟ್ಟೆಯ ಹಿಂದಿನಿಂದ ಬರುವಾಗ ದನಿ ಸ್ವಲ್ಪ ಮಂಕಾಗುತ್ತದೆ, ಆಗಲಿ. ಪರದೆ ಎದ್ದಾಗ ಅದು ತಟ್ಟನೆ ತಿಳಿಯಾಗುವುದೇ ಆ ದೃಶ್ಯದ ರೋಮಾಂಚನ. ಲೀನಾಳ ತುಟಿ ತೀರಾ ಕರಾರುವಾಕ್ಕಾಗಿ ಕೂಡಬಾರದು, ಕೂದಲೆಳೆಯಷ್ಟು ತಡವಾಗಬೇಕು. ಕ್ಯಾಥಿ ಉಸಿರೆಳೆದುಕೊಳ್ಳುವ ಸದ್ದೇ ಲೀನಾಳಿಗೆ ಸೂಚನೆ. ಮೊದಲು ಪರದೆಯಿಲ್ಲದೆ ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಅಭ್ಯಾಸ ಮಾಡಿಸಿ, ಆಮೇಲೆ ಬೆನ್ನುಬೆನ್ನಿಗೆ, ಕೊನೆಗೆ ಪರದೆ. ನಡುವೆ ಕಾಸ್ಮೊ ಮೈಕ್ ಹಿಡಿದು ಗಂಡುದನಿಯಲ್ಲಿ ಮುಂದುವರಿಸಿದಾಗ ಲೀನಾ ಎರಡು ಸಾಲು ಅರಿವಿಲ್ಲದೆ ಬಾಯಾಡಿಸುತ್ತಿರಬೇಕು. ಅಲ್ಲಿ ನಗು ಬರದಿದ್ದರೆ ಕಾರಣ ಹೆಚ್ಚಾಗಿ ಆಕೆ ಬೇಗ ಎಚ್ಚೆತ್ತುಕೊಂಡದ್ದೇ.

ನಾಟಕದ ನಡುವೆ ಬರುವ ಕಪ್ಪುಬಿಳುಪು ಚಿತ್ರದ ತುಣುಕುಗಳನ್ನು ನೀವೇ ಚಿತ್ರೀಕರಿಸಿಕೊಳ್ಳಬೇಕಾಗುತ್ತದೆ, ಯಾಕೆಂದರೆ ಅದರಲ್ಲಿರುವುದು ನಿಮ್ಮದೇ ಡಾನ್, ನಿಮ್ಮದೇ ಲೀನಾ. ಮೂಕಿ ಎಂದೊಡನೆ ಎಲ್ಲರನ್ನೂ ಇರುವೆಗಳಂತೆ ಓಡಿಸಬೇಡಿ. ನಿಧಾನ ವೇಗದಲ್ಲಿ ತೆಗೆದದ್ದನ್ನು ಮುಂದೆ ಸೆಕೆಂಡಿಗೆ 24 ಚೌಕಗಳ ಟಾಕಿ ವೇಗದಲ್ಲಿ ಓಡಿಸಿದ್ದರಿಂದ ಹುಟ್ಟಿದ ಭ್ರಮೆ ಅದು. ಮೂಕಿ ತುಣುಕು ಓಡುವಾಗ ನಿಮ್ಮ ಮೇಳ ಜೀವಂತವಾಗಿ ನುಡಿಸಲಿ. ಟಾಕಿ ತುಣುಕು ಬಂದಾಗ ವಾದ್ಯಗಾರರು ವಾದ್ಯ ಕೆಳಗಿಟ್ಟು ಸುಮ್ಮನೆ ಕೂರಲಿ, ಮೇಲೆ ಬೆಳಕು ಇರಲಿ. ಪಠ್ಯದಲ್ಲಿ ಇಲ್ಲದ ಇತಿಹಾಸ ಒಂದು ಮಾತೂ ಸೇರಿಸದೆ ಒಳಗೆ ಬರುತ್ತದೆ.

ಇನ್ನು ಮಳೆ. ಲಂಡನ್ನಿನಲ್ಲಿ ಮಾಡಿದಂತೆ ಮಾಡಲು ಮೇಲೆ ತೂತು ಕೊರೆದ ಕೊಳವೆಗಳು, ಕೆಳಗೆ ನೀರು ಇಂಗದ ಇಳಿಜಾರು ನೆಲ, ಚರಂಡಿ, ತೊಟ್ಟಿ, ಪಂಪು ಬೇಕು. ನಟನಿಗೆ ನೆಗಡಿಯಾಗದಂತೆ ನೀರು ಬೆಚ್ಚಗಿರಬೇಕು, ಅದೇ ನೀರನ್ನು ಮತ್ತೆ ಬಳಸುವುದಾದರೆ ಶುದ್ಧ ಮಾಡುತ್ತಿರಬೇಕು. 1,000 ಲೀಟರ್ ಎಂದರೆ ಒಂದು ಟನ್ ಭಾರ, ಮರದ ಹಲಗೆಯ ಹಳೆಯ ವೇದಿಕೆ ತಡೆಯುತ್ತದೆಯೇ ಎಂದು ಎಂಜಿನಿಯರರನ್ನು ಕೇಳದೆ ಕೈಹಾಕಬೇಡಿ. ವಿದ್ಯುತ್ ತಂತಿಯ ಮಾತು ಹೇಳಬೇಕಾಗಿಯೇ ಇಲ್ಲ. ಮಳೆಯ ಹಾಡನ್ನು ಮೊದಲ ಅಂಕದ ಕೊನೆಗೆ ಇಟ್ಟಿರುವುದರಲ್ಲಿ ರಂಗದವರ ವ್ಯವಹಾರಜ್ಞಾನ ಕಾಣುತ್ತದೆ: ವಿರಾಮದಲ್ಲಿ ನೆಲ ಒರೆಸಬಹುದು!

ನನ್ನನ್ನು ಕೇಳಿದರೆ ನೀರು ಬಿಡಿ. ಮೂಕಿ ಕಾಲದಲ್ಲಿ ಕೆಲವು ಚಿತ್ರಮಂದಿರಗಳಲ್ಲಿ ಪರದೆಯ ಹಿಂದೆ ಕೂತು ಗುಡುಗು, ಕುದುರೆ ಓಟ, ಮಳೆಯ ಸದ್ದನ್ನು ಕೈಯಲ್ಲೇ ಮಾಡುವವರಿರುತ್ತಿದ್ದರು. ನಿಮ್ಮ ಗುಂಪಿನವರು ವೇದಿಕೆಯ ಎರಡೂ ಬದಿ ಎಲ್ಲರಿಗೂ ಕಾಣುವಂತೆ ಕೂತು ಮೊರದಲ್ಲಿ ಕಾಳು ಆಡಿಸಲಿ, ತಗಡು ಅಲುಗಿಸಲಿ. ಡಾನ್ ಒಂದು ಕೊಡೆ ಹಿಡಿದು ಕುಣಿಯಲಿ. ಹಿಂದಿನಿಂದ ಓರೆಯಾಗಿ ಬೆಳಕು ಬಿಡಿ. ನಿಜವಾದ ಮಳೆಹನಿ ಕಾಣುವುದೂ ಹಿಂದಿನ ಬೆಳಕಿನಿಂದಲೇ, ಬೆಳ್ಳಿದಾರ ಇಳಿಬಿಟ್ಟರೂ ಅದೇ ಬೆಳಕು ಸಾಕು. ಸದ್ದು ಹೇಗೆ ಹುಟ್ಟುತ್ತದೆ ಎಂಬುದೇ ವಸ್ತುವಾಗಿರುವ ನಾಟಕದಲ್ಲಿ ಸದ್ದು ಮಾಡುವ ಕೈಗಳು ಕಾಣುವುದು ಕೊಳಾಯಿ ನೀರಿಗಿಂತ ಹೆಚ್ಚು ಸಲ್ಲುತ್ತದೆ.

ಹಕ್ಕಿನ ವಿಷಯ ಮರೆಯಬೇಡಿ. ರಂಗರೂಪದ ಪರವಾನಗಿ ಕೊಡುವುದು ಮ್ಯೂಸಿಕ್ ಥಿಯೇಟರ್ ಇಂಟರ್‌ನ್ಯಾಷನಲ್ ಎಂಬ ಅಮೆರಿಕದ ಸಂಸ್ಥೆ. ಆಡುವುದಕ್ಕೆ ಮಾತ್ರವಲ್ಲ, ಕನ್ನಡಕ್ಕೆ ತರುವುದಕ್ಕೂ ಒಪ್ಪಿಗೆ ಬೇಕೆಂದು ಮೊದಲ ಪತ್ರದಲ್ಲೇ ಸ್ಪಷ್ಟವಾಗಿ ಬರೆಯಿರಿ. ಒಪ್ಪಿಗೆ ಕೈಸೇರುವ ಮೊದಲು ತಾಲೀಮು ಶುರು ಮಾಡಬೇಡಿ.

ಪಾತ್ರ ಹಂಚುವಾಗ ಎಲ್ಲರೂ ಡಾನ್‌ನಿಂದ ಶುರು ಮಾಡುತ್ತಾರೆ. ನೀವು ಲೀನಾಳಿಂದ ಶುರು ಮಾಡಿ. ಇಡೀ ಸಂಜೆ ಕೀರಲು ದನಿಯಲ್ಲಿ ಮಾತಾಡಿಯೂ ಗಂಟಲು ಉಳಿಸಿಕೊಳ್ಳುವುದು ಪಳಗಿದ ನಟಿಯ ಕೆಲಸ, ಸುಮ್ಮನೆ ಕಿರುಚುವವಳಿಗೆ ಕೊಟ್ಟರೆ ಎರಡನೇ ಪ್ರದರ್ಶನಕ್ಕೆ ದನಿ ಕಟ್ಟಿಹೋಗುತ್ತದೆ. ಆಕೆಯನ್ನು ಪೆದ್ದಿಯಾಗಿ ತೋರಿಸುವ ಮೋಹಕ್ಕೂ ಬೀಳಬೇಡಿ. ಆ ಸ್ಟುಡಿಯೋದಲ್ಲಿ ತನ್ನ ಕರಾರುಪತ್ರವನ್ನು ಪೂರ್ತಿ ಓದಿದ್ದವಳು ಲೀನಾ ಒಬ್ಬಳೇ, ಅದನ್ನು ಹಿಡಿದೇ ಮಾಲೀಕನನ್ನು ಬಗ್ಗಿಸುತ್ತಾಳೆ. ಸಿನಿಮಾದಲ್ಲಿ ಆಕೆಗೆ ಸ್ವಂತ ಹಾಡಿರಲಿಲ್ಲ, ರಂಗರೂಪದಲ್ಲಿ ಒಂದು ಕೊಟ್ಟಿದ್ದಾರೆ. ‘ನನ್ನಲ್ಲಿ ಏನು ಕೊರತೆ?’ ಎಂದು ಕೇಳುವ ಹಾಡು. ಅದನ್ನು ಬರೀ ನಗುವಿಗೆ ಬಳಸದೆ ನಡುವೆ ಒಂದೆರಡು ಸಾಲನ್ನಾದರೂ ನಿಜವಾಗಿ ಕೇಳಿಸಬಲ್ಲ ನಟಿ ಸಿಕ್ಕರೆ, ಡಾನ್ ಪಾತ್ರಕ್ಕೆ ಸುಮಾರಾಗಿ ಕುಣಿಯುವವರು ಸಿಕ್ಕರೂ ನಡೆಯುತ್ತದೆ.